ಫುಲೇರಾ ಗ್ರಾಮದ ವಿನೋದ

ಹಾಸ್ಯವೆಂದು ಹಣೆಯ ಮೇಲೆ ಬರೆದುಕೊಂಡು ಬರುವ ವಸ್ತುವಿನ ಎದುರು ಕುಳಿತು ನಗುವುದು ಬಹು ಕಷ್ಟದ ಕೆಲಸ. ದೂರದರ್ಶನದ ನಗೆ ಧಾರಾವಾಹಿಗಳ ವಿಷಯದಲ್ಲಿ ನನಗೆ ಬಹುಕಾಲದಿಂದ ಇದ್ದ ಅಸಮಾಧಾನ ಇದೇ. ಪಾತ್ರಧಾರಿ ಮಾತು ಮುಗಿಸುವುದಕ್ಕೆ ಮುಂಚೆಯೇ ಎಲ್ಲಿಂದಲೋ ನಗೆ ಕೇಳಿಬರುತ್ತದೆ. ದಪ್ಪಗಿರುವವನು ಬಿದ್ದರೆ ಒಂದು ನಗೆ, ಅವನನ್ನು ಎತ್ತಲು ಬಂದ ತೆಳ್ಳಗಿನವನು ಬಿದ್ದರೆ ಅದರ ಎರಡರಷ್ಟು. ನೋಡುವವನ ಪಾಲಿನ ಕೆಲಸವನ್ನೂ ಯಂತ್ರವೇ ಮಾಡಿ ಮುಗಿಸುತ್ತದೆ. ಮದುವೆಯ ಮನೆಗೆ ನಮ್ಮನ್ನು ಕರೆದು, ನಮ್ಮ ಎಲೆಯ ಮುಂದೆ ಬೇರೆಯವರನ್ನು ಕೂರಿಸಿ ಉಣ್ಣಿಸಿದಂತೆ.

ಹೀಗಿರುವಾಗ 'ಪಂಚಾಯತ್' ಎಂಬ ಹಿಂದಿ ಮಾಲಿಕೆಯನ್ನು ನೋಡಬೇಕೆಂದು ಯಾರೋ ಹೇಳಿದರೆ ಉತ್ಸಾಹ ಹುಟ್ಟುವುದೆಂತು? ಹೆಸರೇ ಇಲಾಖೆಯ ಸುತ್ತೋಲೆಯ ಶೀರ್ಷಿಕೆಯಂತಿದೆ. ಕಥೆ ನಡೆಯುವುದು ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಫುಲೇರಾ ಎಂಬ ಕಲ್ಪಿತ ಗ್ರಾಮದಲ್ಲಿ. ಪರದೆಯ ಮೇಲಿನ ಹಳ್ಳಿಯೆಂದರೆ ನಮಗೆ ಗೊತ್ತಿರುವುದು ಎರಡೇ ಬಗೆ: ಒಂದು, ಸಾಸಿವೆ ಹೂವಿನ ನಡುವೆ ಎಲ್ಲರೂ ಕುಣಿಯುವ ಹಳ್ಳಿ, ಇನ್ನೊಂದು, ಜಮೀನುದಾರನ ಕೋವಿ ಸದಾ ಸದ್ದು ಮಾಡುವ ಹಳ್ಳಿ. ಇದು ಎರಡೂ ಅಲ್ಲ. ಇಲ್ಲಿ ನಡೆಯುವುದು ಬಹು ಸಣ್ಣ ಸಂಗತಿಗಳು. ಬೀಗದ ಕೈ ಕಳೆಯುತ್ತದೆ. ದೀಪದ ಕಂಬವನ್ನು ಎಲ್ಲಿ ನೆಡಬೇಕೆಂದು ಚರ್ಚೆಯಾಗುತ್ತದೆ. ಕುರ್ಚಿಯೊಂದರ ವಿಷಯದಲ್ಲಿ ಮನಸ್ತಾಪ ಬರುತ್ತದೆ. ನಗೆಯ ಧ್ವನಿಮುದ್ರಿಕೆ ಇಲ್ಲವೇ ಇಲ್ಲ. ಆದರೂ ಮೊದಲ ಕಂತು ಮುಗಿಯುವ ವೇಳೆಗೆ ನಾನು ಗಟ್ಟಿಯಾಗಿ ನಗುತ್ತಿದ್ದೆ. ಮನೆಯವರು ಒಳಗಿನಿಂದ ಬಂದು ನೋಡಿ ಹೋದರು.

ಚಂದನ್ ಕುಮಾರ್ ಬರೆದು ದೀಪಕ್ ಕುಮಾರ್ ಮಿಶ್ರಾ ನಿರ್ದೇಶಿಸಿದ ಈ ಮಾಲಿಕೆಯ ಮೊದಲ ಭಾಗದ ಎಂಟು ಕಂತುಗಳು ೨೦೨೦ರ ಏಪ್ರಿಲ್ ೩ರಂದು ಅಮೆಜಾನ್ ಪ್ರೈಮ್‌ನಲ್ಲಿ ಬಂದುವು. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಹತ್ತು ದಿನವೂ ಆಗಿರಲಿಲ್ಲ. ಪಟ್ಟಣಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಜನ ಹಳ್ಳಿಯ ದಾರಿ ಹಿಡಿದು ನಡೆಯುತ್ತಿದ್ದ ದಿನಗಳು ಅವು. ಅದೇ ವೇಳೆಗೆ, ಹಳ್ಳಿಗೆ ಹೋಗಲು ಎಳ್ಳಷ್ಟೂ ಇಷ್ಟವಿಲ್ಲದ ಯುವಕನೊಬ್ಬನ ಕಥೆ ಪರದೆಗೆ ಬಂದದ್ದು ವಿಚಿತ್ರವಾದ ಕಾಕತಾಳೀಯ.

ಆ ಯುವಕನ ಹೆಸರು ಅಭಿಷೇಕ್ ತ್ರಿಪಾಠಿ. ಇಂಜಿನಿಯರಿಂಗ್ ಓದಿದವನು. ಜೊತೆಯವರಿಗೆಲ್ಲ ದೊಡ್ಡ ಕಂಪೆನಿಗಳು ಸಿಕ್ಕವು; ಇವನಿಗೆ ಸಿಕ್ಕಿದ್ದು ಗ್ರಾಮ ಪಂಚಾಯಿತಿಯ ಕಾರ್ಯದರ್ಶಿ ಹುದ್ದೆ, ತಿಂಗಳಿಗೆ ಇಪ್ಪತ್ತು ಸಾವಿರ ರೂಪಾಯಿ ಸಂಬಳ. ಸುಮ್ಮನೆ ಕೂರುವುದಕ್ಕಿಂತ ಹೋಗು, ರಾತ್ರಿ ಓದಿಕೊಂಡು ಮ್ಯಾನೇಜ್‌ಮೆಂಟ್ ಪ್ರವೇಶ ಪರೀಕ್ಷೆ ಬರೆ ಎಂದು ಗೆಳೆಯ ಉಪದೇಶಿಸುತ್ತಾನೆ. ಹೀಗೆ ಬಂದ ಈತನಿಗೆ ಫುಲೇರಾದಲ್ಲಿ ಸಿಕ್ಕುವವರು ಮೂವರು: ಊರಿನವರೆಲ್ಲ 'ಪ್ರಧಾನ್‌ಜೀ' ಎಂದು ಕರೆಯುವ ಬ್ರಿಜ್‌ಭೂಷಣ್ ದುಬೆ, ಉಪಪ್ರಧಾನ ಪ್ರಹ್ಲಾದ್ ಪಾಂಡೆ, ಕಚೇರಿ ಸಹಾಯಕ ವಿಕಾಸ್ ಶುಕ್ಲಾ. ನಾಲ್ಕನೆಯ ಪಾತ್ರವೇ ನಿಜಕ್ಕೂ ಮೊದಲನೆಯದು. ಅದರ ಮಾತು ಆಮೇಲೆ.

ಬೀಗದ ಕೈಯ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಈ ಮಾಲಿಕೆಯ ಹಾಸ್ಯದ ಮರ್ಮವೆಲ್ಲ ಅದರಲ್ಲಿ ಅಡಗಿದೆ. ಹೊಸ ಕಾರ್ಯದರ್ಶಿ ಅಧಿಕಾರ ವಹಿಸಿಕೊಳ್ಳಲು ಬಂದಿದ್ದಾನೆ. ಪಂಚಾಯಿತಿ ಕಚೇರಿಗೆ ಬೀಗ ಬಿದ್ದಿದೆ. ಕೈ ಪ್ರಧಾನರ ಬಳಿ. ಪ್ರಧಾನರು ಬೆಳಗಿನ ಜಾವ ತಂಬಿಗೆ ಹಿಡಿದು ಹೊಲದ ಕಡೆ ಹೋಗಿದ್ದಾಗ ಅದು ಎಲ್ಲಿಯೋ ಬಿದ್ದುಹೋಗಿದೆ. ಇನ್ನು ಹುಡುಕಬೇಕು. ಇಷ್ಟೇ ಸಂಗತಿ. ಸಾಮಾನ್ಯ ಲೇಖಕನಾಗಿದ್ದರೆ ಹೊಲದಲ್ಲಿ ಯಾರಾದರೂ ಜಾರಿ ಬೀಳುತ್ತಿದ್ದರು, ಎಮ್ಮೆಯೊಂದು ಅಟ್ಟಿಸಿಕೊಂಡು ಬರುತ್ತಿತ್ತು. ಇಲ್ಲಿ ಅದೇನೂ ಇಲ್ಲ. ನಗೆ ಇರುವುದು ಎಲ್ಲರ ಗಾಂಭೀರ್ಯದಲ್ಲಿ. ಪ್ರಧಾನರು ತಮ್ಮ ಘನತೆಯನ್ನು ಬಿಟ್ಟುಕೊಡದೆ, ತಾವು ಹೋದ ಸ್ಥಳದ ವಿವರವನ್ನು ಸರ್ಕಾರಿ ತನಿಖೆಗೆ ಉತ್ತರ ಕೊಡುವವರಂತೆ ಕೊಡಬೇಕಾಗುತ್ತದೆ. ಬಯಲು ಶೌಚ ನಿಂತುಹೋಗಿರಬೇಕಾದ ಗ್ರಾಮದ ಮುಖ್ಯಸ್ಥ ಎಲ್ಲಿಗೆ ಹೋಗಿದ್ದನೆಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದೆ ಇರುವುದರಲ್ಲೇ ಸರ್ಕಾರದ ಒಂದು ದೊಡ್ಡ ಯೋಜನೆಯ ವಿಮರ್ಶೆ ಮುಗಿದುಹೋಗುತ್ತದೆ.

ನಮ್ಮ ಲಾಕ್ಷಣಿಕರು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದರು: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ತುಟಿಯಂಚಿನ ನಗೆ ಉತ್ತಮರದು, ಮೈಕುಲುಕಿ ಕಣ್ಣೀರು ಬರುವ ನಗೆ ಅಧಮರದು ಎಂಬ ಭರತನ ವರ್ಗೀಕರಣವನ್ನು ತರಗತಿಯಲ್ಲಿ ಹೇಳುವಾಗ ವಿದ್ಯಾರ್ಥಿಗಳು ನಗುವುದಿಲ್ಲ; ಬರೆದುಕೊಳ್ಳುತ್ತಾರೆ. ಈ ಧಾರಾವಾಹಿಯನ್ನು ನೋಡುವಾಗ ಆ ವಿಂಗಡಣೆ ನೆನಪಾಯಿತು. ನೋಡುವವನು ಎಂಟು ಕಂತುಗಳ ಬಹುಭಾಗ ಸ್ಮಿತದಲ್ಲಿಯೇ ಇರುತ್ತಾನೆ. ಎಲ್ಲೋ ಒಂದೆಡೆ, ತನಗೇ ತಿಳಿಯದೆ, ಅತಿಹಸಿತಕ್ಕೆ ಜಾರುತ್ತಾನೆ. ಅಷ್ಟು ಹೊತ್ತು ಕೂಡಿಟ್ಟ ಮುಗುಳ್ನಗೆ ಒಮ್ಮೆಗೇ ಕಟ್ಟೆಯೊಡೆಯುವುದು. ಉತ್ತಮ ಅಧಮಗಳ ಗೆರೆಯನ್ನು ಭರತನು ಎಲ್ಲಿ ಎಳೆದನೋ ಅಲ್ಲಿ ಅದು ನಿಲ್ಲುವುದಿಲ್ಲವೆಂದು ನನ್ನ ಅನುಭವ.

ಎರಡನೆಯ ಕಂತಿನಲ್ಲಿ ಸೌರದೀಪಗಳ ವಿತರಣೆ. ಒಂದು ದೀಪವನ್ನು ಭೂತದ ಮರದ ಬಳಿ ನೆಡಬೇಕೆಂದು ಊರಿನ ಹಿರಿಯರ ಅಭಿಪ್ರಾಯ. ಕರೆಂಟು ಹೋದ ರಾತ್ರಿಗಳಲ್ಲಿ ಓದಬೇಕಾದ ಕಾರ್ಯದರ್ಶಿಗೆ ಅದು ಕಚೇರಿಯ ಮುಂದೆ ಬೇಕು. ಆದುದರಿಂದ ಅವನು ಭೂತದ ಮೂಲವನ್ನೇ ಶೋಧಿಸುತ್ತ ಹೊರಡುತ್ತಾನೆ. ವೈಚಾರಿಕತೆಗಾಗಿ ಅಲ್ಲ, ದೀಪಕ್ಕಾಗಿ. ಈ ಸೂಕ್ಷ್ಮ ನನಗೆ ಬಹಳ ಹಿಡಿಸಿತು. ಮೂಢನಂಬಿಕೆಯ ಮೇಲೆ ಭಾಷಣ ಮಾಡುವ ಸುಧಾರಕನನ್ನು ತಂದಿದ್ದರೆ ಕಂತು ಸತ್ತುಹೋಗುತ್ತಿತ್ತು. ಭೂತದ ಹುಟ್ಟು ಊರ ಮೇಷ್ಟರೊಬ್ಬರ ಹಳೆಯ ನಶೆಯ ಪ್ರಸಂಗಕ್ಕೆ ಹೋಗಿ ಮುಟ್ಟುತ್ತದೆ. ನಮ್ಮ ವೃತ್ತಿಯವರ ಮೇಲೆ ಬಿದ್ದ ಏಟಾದರೂ ಅದು ನ್ಯಾಯವಾಗಿಯೇ ಬಿದ್ದಿದೆಯೆಂದು ಒಪ್ಪಬೇಕು. ಒಮ್ಮೆ ಹೇಳಿದ ಸುಳ್ಳನ್ನು ಗೌರವದ ಭಯದಿಂದ ವರ್ಷಗಟ್ಟಲೆ ಕಾಪಾಡಿಕೊಂಡು ಬರುವುದು ಮೇಷ್ಟರುಗಳಿಗೆ ಮಾತ್ರ ಸಾಧ್ಯ.

ಕುರ್ಚಿಯ ಕಂತು ಇದಕ್ಕೂ ಮೇಲು. ಕಾರ್ಯದರ್ಶಿ ತನ್ನ ಬೆನ್ನಿನ ಸುಖಕ್ಕಾಗಿ ಗಾಲಿಗಳುಳ್ಳ, ಸುತ್ತ ತಿರುಗುವ ಕುರ್ಚಿಯೊಂದನ್ನು ಕೊಂಡು ತರುತ್ತಾನೆ. ಪ್ರಧಾನರ ಕುರ್ಚಿಯೋ ಸಾಧಾರಣದ್ದು. ಯಾರೂ ಏನೂ ಅನ್ನುವುದಿಲ್ಲ. ಆದರೆ ಪ್ರಧಾನರ ಮುಖದ ಮೇಲೆ ಮೋಡ ಕವಿಯುತ್ತದೆ. ಅಷ್ಟರಲ್ಲಿ ಪಂಚಾಯಿತಿ ಕಚೇರಿಯಲ್ಲಿ ಮದುವೆಯ ದಿಬ್ಬಣ ಇಳಿದುಕೊಳ್ಳುತ್ತದೆ; ವರಮಹಾಶಯನ ಕಣ್ಣು ಅದೇ ಕುರ್ಚಿಯ ಮೇಲೆ ಬೀಳುತ್ತದೆ. ರಾಜ್ಯಶಾಸ್ತ್ರದ ಪಂಡಿತರು ಸ್ಥಾನಮಾನ, ಅಧಿಕಾರ, ಪ್ರತಿಷ್ಠೆ ಎಂದು ಗ್ರಂಥಗಳಲ್ಲಿ ಚರ್ಚಿಸುವುದನ್ನೆಲ್ಲ ನಾಲ್ಕು ಗಾಲಿಗಳ ಮೇಲೆ ಕೂರಿಸಿ ಉರುಳಿಸಿದ್ದಾರೆ. ಕುಟುಂಬ ನಿಯಂತ್ರಣದ ಗೋಡೆಬರಹದ ಕಂತೂ ಇದೇ ಜಾತಿಯದು. ಎರಡು ಮಕ್ಕಳಾದರೆ ಪಾಯಸ, ಹೆಚ್ಚಾದರೆ ಮೂಲವ್ಯಾಧಿ ಎಂಬ ಅರ್ಥದ ಘೋಷಣೆಯನ್ನು ಮೇಲಿನವರು ಕಳುಹಿಸುತ್ತಾರೆ. ಅದನ್ನು ಗೋಡೆಗೆ ಬರೆಸಿದ ಕಾರ್ಯದರ್ಶಿ, ಎರಡಕ್ಕಿಂತ ಹೆಚ್ಚು ಮಕ್ಕಳುಳ್ಳ ಮನೆಯವರ ಕೋಪಕ್ಕೆ ತುತ್ತಾಗುತ್ತಾನೆ. ಕಳವಾದದ್ದು ಕಂಪ್ಯೂಟರಲ್ಲ, ಮಾನಿಟರ್ ಎಂದು ಎಲ್ಲರನ್ನೂ ತಿದ್ದುತ್ತ ಹೋಗುವ ಇನ್ನೊಂದು ಕಂತಿದೆ. ಅದು ಅಷ್ಟು ಚುರುಕಾಗಿಲ್ಲ.

ಹಳ್ಳಿಯನ್ನು ನೋಡಿ ನಗುವುದು ಬೇರೆ, ಹಳ್ಳಿಯೊಂದಿಗೆ ಕುಳಿತು ನಗುವುದು ಬೇರೆ. ಕನ್ನಡದಲ್ಲಿ ಈ ಎರಡನೆಯ ಬಗೆಯ ನಗೆಗೆ ದಾರಿ ತೋರಿಸಿದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಅವರ 'ಹಳ್ಳಿಯ ಚಿತ್ರಗಳು' ಬಂದದ್ದು ೧೯೩೦ರಲ್ಲಿ. ಅಲ್ಲಿನ ವಿನೋದದಲ್ಲಿ ಲೇಖಕನೂ ಊರಿನವರಲ್ಲೊಬ್ಬ. ಮೇಲಿನ ಮೆಟ್ಟಿಲ ಮೇಲೆ ನಿಂತು ನೋಡುವವನಲ್ಲ. ಹಿಂದಿಯಲ್ಲಿ ಇದಕ್ಕೆ ತೀರ ಭಿನ್ನವಾದ ಪರಂಪರೆಯೊಂದಿದೆ. ಶ್ರೀಲಾಲ್ ಶುಕ್ಲರ 'ರಾಗ್ ದರಬಾರಿ' ೧೯೬೮ರ ಕಾದಂಬರಿ. ಮರುವರ್ಷ ಅದಕ್ಕೆ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಅಲ್ಲಿಯೂ ಓದಿದ ಯುವಕನೊಬ್ಬ ಉತ್ತರ ಪ್ರದೇಶದ ಹಳ್ಳಿಗೆ ಬರುತ್ತಾನೆ. ಅಲ್ಲಿಯೂ ಪಂಚಾಯಿತಿಯುಂಟು, ಸಹಕಾರ ಸಂಘವುಂಟು, ಕಾಲೇಜುಂಟು. ಆದರೆ ಶಿವಪಾಲಗಂಜದಲ್ಲಿ ಎಲ್ಲ ಸಂಸ್ಥೆಗಳೂ ಒಬ್ಬ ವೈದ್ಯಜಿಯ ಜೇಬಿನಲ್ಲಿವೆ. ನಗುತ್ತ ನಗುತ್ತ ಓದುಗನ ಗಂಟಲು ಕಹಿಯಾಗುತ್ತದೆ. ಆಡಳಿತ ಸೇವೆಯಲ್ಲಿದ್ದುಕೊಂಡೇ ಆ ಪುಸ್ತಕವನ್ನು ಬರೆದ ಶುಕ್ಲರ ಧೈರ್ಯ ದೊಡ್ಡದು.

'ಪಂಚಾಯತ್' ಗೊರೂರರ ಮನೆಗೆ ಹತ್ತಿರದ್ದು, ಶುಕ್ಲರ ಊರಿನಲ್ಲಿ ಹುಟ್ಟಿದ್ದು. ಇದೇ ಅದರ ಸೊಬಗು. ಮುಂದೆ ಹೇಳಲಿರುವಂತೆ ಅದರ ದೌರ್ಬಲ್ಯವೂ ಹೌದು.

ಅಭಿನಯದ ಬಗೆಗೆ ಹೊಗಳಿಕೆಯಲ್ಲದೆ ಬೇರೆ ಮಾತಿಲ್ಲ. ಪ್ರಧಾನರ ಪಾತ್ರದ ರಘುವೀರ್ ಯಾದವ್ ರಂಗಭೂಮಿಯಲ್ಲಿ ಪಳಗಿದವರು. 'ಮ್ಯಾಸಿ ಸಾಹಿಬ್' ಚಿತ್ರವನ್ನೂ, ಹಗಲುಗನಸಿನ 'ಮುಂಗೇರಿಲಾಲ್'ನನ್ನೂ ನೋಡಿದವರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. ಕಂಡವರ ಕೈಗೆಲ್ಲ ಒಂದೊಂದು ಸೋರೆಕಾಯಿ ಕೊಟ್ಟು ಕಳುಹಿಸುವ ಈ ಪ್ರಧಾನರ ಔದಾರ್ಯದಲ್ಲಿ ಎಷ್ಟು ಪ್ರೀತಿ, ಎಷ್ಟು ಲೆಕ್ಕಾಚಾರ ಎಂಬುದನ್ನು ಅವರು ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ. ಅಭಿಷೇಕನಾಗಿ ಜಿತೇಂದ್ರ ಕುಮಾರ್ ಅವರದು ಸದಾ ಅರ್ಧ ನಿಟ್ಟುಸಿರಿನ ಮುಖ. ಕೆಲಸ ಸಿಕ್ಕದ ಇಂಜಿನಿಯರನ ಪಾತ್ರವನ್ನು ಮಾಡಿದ ಈ ನಟ ಸ್ವತಃ ಖರಗಪುರದ ಐಐಟಿಯಲ್ಲಿ ಓದಿದವರು. ವಿಕಾಸನ ಪಾತ್ರದ ಚಂದನ್ ರಾಯ್ ಮಾತಿಲ್ಲದ ಗಳಿಗೆಗಳಲ್ಲಿ ಕಣ್ಣಿನಿಂದಲೇ ಕೆಲಸ ನಡೆಸುತ್ತಾರೆ. ಫೈಸಲ್ ಮಲಿಕ್ ಅವರ ಪ್ರಹ್ಲಾದನನ್ನು ನೋಡಿದರೆ ನಮ್ಮೂರಿನ ಯಾರದೋ ನೆನಪು ಬಾರದೆ ಇರದು. ಒಂದು ಆಕ್ಷೇಪವಿದೆ. ಬಲಿಯಾ ಭೋಜಪುರಿ ಮಾತನಾಡುವ ಸೀಮೆ. ಇಲ್ಲಿ ಕೇಳಿಬರುವುದು ಪೂರ್ವದ ಒಗ್ಗರಣೆ ಹಾಕಿದ ಹಿಂದಿ. ಎಲ್ಲರಿಗೂ ತಿಳಿಯಲೆಂಬ ಉದ್ದೇಶ ಸರಿಯೇ. ಆದರೆ ಹಳ್ಳಿಯ ಹಾಸ್ಯದ ಅರ್ಧ ಜೀವ ಅದರ ನುಡಿಯಲ್ಲಿದೆ. ಟಿ. ಪಿ. ಕೈಲಾಸಂ ಅವರ ಪಾತ್ರಗಳಿಗೆ ಶುದ್ಧ ಗ್ರಾಂಥಿಕ ಕನ್ನಡ ಆಡಿಸಿದ್ದರೆ ಏನಾಗುತ್ತಿತ್ತು? ಚಿತ್ರೀಕರಣವೂ ನಡೆದದ್ದು ಬಲಿಯಾದಲ್ಲಲ್ಲ, ಮಧ್ಯಪ್ರದೇಶದ ಸಿಹೋರ್ ಜಿಲ್ಲೆಯ ಮಹೋಡಿಯಾ ಎಂಬ ಹಳ್ಳಿಯಲ್ಲಿ. ಅದು ದೋಷವಲ್ಲ. ಶಂಕರ್ ನಾಗ್ ಅವರು 'ಮಾಲ್ಗುಡಿ ಡೇಸ್'ಗಾಗಿ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ತೋರಿಸಿದಾಗ ನಾವು ಯಾರೂ ತಕರಾರು ಎತ್ತಲಿಲ್ಲ.

ಇನ್ನು ನಾಲ್ಕನೆಯ ಪಾತ್ರ. ಬ್ರಿಜ್‌ಭೂಷಣ್ ದುಬೆಯನ್ನು ಊರೆಲ್ಲ ಪ್ರಧಾನ್‌ಜೀ ಎಂದು ಕರೆದರೂ ಆತ ಪ್ರಧಾನನೇ ಅಲ್ಲ. ಸ್ಥಾನ ಮಹಿಳೆಗೆ ಮೀಸಲಾದುದರಿಂದ ಚುನಾಯಿತಳಾದವಳು ಆತನ ಹೆಂಡತಿ ಮಂಜುದೇವಿ. ಆ ಪಾತ್ರದಲ್ಲಿ ನೀನಾ ಗುಪ್ತಾ. ಆಕೆಗೆ ಪಂಚಾಯಿತಿಯ ಮೇಲೆ ಆಸಕ್ತಿಯಿಲ್ಲ. ಕಚೇರಿ, ಸಭೆ, ಸಹಿ ಎಲ್ಲ ಗಂಡನದು. ಇದು ಯಾರೋ ಕಟ್ಟಿದ ಹಾಸ್ಯವಲ್ಲ. ಸಂವಿಧಾನದ ೭೩ನೆಯ ತಿದ್ದುಪಡಿ ೧೯೯೩ರಲ್ಲಿ ಜಾರಿಗೆ ಬಂದು ಪಂಚಾಯಿತಿಗಳ ಮೂರನೆಯ ಒಂದು ಪಾಲನ್ನು ಸ್ತ್ರೀಯರಿಗೆ ಕೊಟ್ಟಿತು. ಕರ್ನಾಟಕವಂತೂ ೧೯೮೩ರ ಕಾಯಿದೆಯಲ್ಲಿಯೇ, ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, ನಾಲ್ಕನೆಯ ಒಂದು ಪಾಲನ್ನು ಮೀಸಲಿಟ್ಟು ೧೯೮೭ರಲ್ಲಿ ಚುನಾವಣೆ ನಡೆಸಿತ್ತು. ಅಂದಿನಿಂದ ಇಂದಿನವರೆಗೆ, ಅಲ್ಲಿಯೂ ಇಲ್ಲಿಯೂ, ಹೆಂಡತಿಯ ಕುರ್ಚಿಯ ಮೇಲೆ ಕುಳಿತ ಗಂಡಂದಿರನ್ನು ಕಾಣದವರು ಯಾರು? ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯವೇ ೨೦೨೫ರಲ್ಲಿ ಈ ಪಿಡುಗಿನ ವಿರುದ್ಧ ಪ್ರಚಾರಚಿತ್ರ ಮಾಡಿಸಲು ಈ ಮಾಲಿಕೆಯ ತಯಾರಕರನ್ನೇ ಆಶ್ರಯಿಸಿತು. 'ನಿಜವಾದ ಪ್ರಧಾನರು ಯಾರು' ಎಂಬ ಅರ್ಥದ ಹೆಸರು ಆ ಚಿತ್ರಕ್ಕೆ. ಮುಖ್ಯ ಪಾತ್ರ ನೀನಾ ಗುಪ್ತಾ ಅವರದೇ.

ಮಾಲಿಕೆಯಲ್ಲಿ ಈ ವಿಷಯವನ್ನು ನಡೆಸಿರುವ ರೀತಿ ಮೆಚ್ಚತಕ್ಕದ್ದು. ಏಳು ಕಂತುಗಳ ಕಾಲ ನೋಡುವವರೂ ಊರಿನವರಂತೆಯೇ ಗಂಡನನ್ನು ಪ್ರಧಾನನೆಂದು ಒಪ್ಪಿಕೊಂಡು ನಗುತ್ತ ಬಂದಿರುತ್ತಾರೆ. ಎಂಟನೆಯ ಕಂತಿನಲ್ಲಿ ಗಣರಾಜ್ಯ ದಿನ ಬರುತ್ತದೆ. ಧ್ವಜವನ್ನು ಯಾರು ಹಾರಿಸಬೇಕೆಂಬ ಪ್ರಶ್ನೆ ಏಳುತ್ತದೆ. ಕಾನೂನಿನಂತೆ ಮಂಜುದೇವಿ. ಆಕೆಗೆ ರಾಷ್ಟ್ರಗೀತೆ ಬಾಯಿಪಾಠವಿಲ್ಲ. ಮನೆಗೆಲಸದ ನಡುವೆ ಅದನ್ನು ಕಲಿಯುವ ಆಕೆಯ ಹೆಣಗಾಟದಲ್ಲಿ ನಗೆ ಬರುತ್ತದೆ, ನಿಜ. ಆದರೆ ಸಮಾರಂಭದ ದಿನ ಎಲ್ಲರೆದುರಿಗೆ ನಿಂತು, ತಡವರಿಸಿ, ಹೇಗೋ ಅದನ್ನು ಮುಗಿಸುವಾಗ ನೋಡುವವನ ನಗೆ ಎಲ್ಲಿಗೋ ಹೋಗಿರುತ್ತದೆ. ಒಂದು ಭಾಷಣವಿಲ್ಲ. 'ಸ್ತ್ರೀ ಶಕ್ತಿ' ಎಂಬ ಮಾತನ್ನು ಯಾರೂ ಉಚ್ಚರಿಸುವುದಿಲ್ಲ. ಇಷ್ಟು ಕಾಲ ನಾವು ಯಾವುದನ್ನು ನೋಡಿ ನಕ್ಕೆವು, ಏಕೆ ನಕ್ಕೆವು ಎಂದು ಮನಸ್ಸು ಹಿಂದಕ್ಕೆ ಹೋಗಿ ಲೆಕ್ಕ ಹಾಕತೊಡಗುತ್ತದೆ. ಹಾಸ್ಯಕೃತಿಯೊಂದು ತನ್ನ ನಗೆಯನ್ನು ತಾನೇ ಪ್ರಶ್ನಿಸಿಕೊಳ್ಳುವ ಇಂಥ ಸಂದರ್ಭ ಅಪರೂಪ.

ಇಷ್ಟು ಸೂಕ್ಷ್ಮ ಬಲ್ಲ ಲೇಖಕರು ಮತ್ತೊಂದು ಕಡೆ ಕಣ್ಣು ಮುಚ್ಚಿರುವುದನ್ನು ಹೇಳದೆ ಹೋದರೆ ವಿಮರ್ಶೆ ಅಪೂರ್ಣ. ತ್ರಿಪಾಠಿ, ದುಬೆ, ಪಾಂಡೆ, ಶುಕ್ಲಾ: ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಆಡಳಿತ ನಡೆಸುವ ನಾಲ್ವರೂ ಬ್ರಾಹ್ಮಣರು. ಪೂರ್ವ ಉತ್ತರ ಪ್ರದೇಶದ ಹಳ್ಳಿಯಲ್ಲಿ ದೀಪದ ಕಂಬ ಯಾವ ಕೇರಿಗೆ, ಕೊಳಾಯಿ ಯಾರ ಮನೆಯ ಮುಂದೆ ಎಂಬ ಪ್ರಶ್ನೆಯ ಹಿಂದೆ ಜಾತಿಯಿಲ್ಲವೆಂದರೆ ನಂಬುವವರುಂಟೇ? ಫುಲೇರಾದಲ್ಲಿ ಜಾತಿಯ ಮಾತೇ ಬಹುಮಟ್ಟಿಗೆ ಕೇಳಿಸುವುದಿಲ್ಲ. ನಾಲ್ವರು ಸಂಜೆ ಕುಳಿತು ಹರಟುವ ಆ ಸ್ನೇಹ ನಮ್ಮನ್ನು ಮರುಳುಗೊಳಿಸುತ್ತದೆ; ಆ ಹರಟೆಯ ವೃತ್ತದೊಳಗೆ ಕೂರಲು ಯಾರಿಗೆ ಎಡೆಯಿತ್ತು, ಯಾರಿಗಿರಲಿಲ್ಲ ಎಂದು ಯೋಚಿಸಿದರೆ ಮರುಳು ಸ್ವಲ್ಪ ಇಳಿಯುತ್ತದೆ. 'ರಾಗ್ ದರಬಾರಿ'ಯ ಕಹಿಯನ್ನು ಪೂರ್ತಿಯಾಗಿ ಸೋಸಿ ತೆಗೆದುದರ ಫಲ ಇದು. ಹಾಸ್ಯಕ್ಕೆ ಇಂಥ ಭಾರ ಏಕೆ ಹೊರಿಸಬೇಕೆಂದು ಸ್ನೇಹಿತರೊಬ್ಬರು ವಾದಿಸಿದರು. ಮಂಜುದೇವಿಯ ಭಾರವನ್ನು ಅಷ್ಟು ಹಗುರವಾಗಿ ಹೊತ್ತವರಿಗೆ ಇದು ಅಸಾಧ್ಯವಾಗಿತ್ತೆಂದು ನನಗೆ ತೋರುವುದಿಲ್ಲ.

ಮುಂದಿನ ಭಾಗಗಳ ಮಾತು. ಎರಡನೆಯ ಭಾಗ ೨೦೨೨ರಲ್ಲಿ, ಮೂರನೆಯದು ೨೦೨೪ರಲ್ಲಿ, ನಾಲ್ಕನೆಯದು ೨೦೨೫ರಲ್ಲಿ ಬಂದುವು. ಎರಡನೆಯ ಭಾಗಕ್ಕೆ ೨೦೨೩ರ ಗೋವಾ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ತಕ್ಕುದೇ. ಅದರ ಕೊನೆಯಲ್ಲಿ ಪ್ರಹ್ಲಾದನ ಒಬ್ಬನೇ ಮಗ, ಸೈನಿಕ, ಮಡಿಯುತ್ತಾನೆ. ಅಷ್ಟು ದಿನ ನಗಿಸಿದ ಸ್ಥೂಲಕಾಯದ ಮನುಷ್ಯ ಬರಿದಾದ ಮನೆಯಲ್ಲಿ ಕುಳಿತಿರುವುದನ್ನು ನೋಡಲಾಗುವುದಿಲ್ಲ. ಹಾಸ್ಯದ ಮಧ್ಯೆ ಕರುಣವನ್ನು ತರುವುದು ಅಪಾಯದ ಕೆಲಸ. ನಾಟಕ ಕಂಪೆನಿಗಳ ಕಾಲದಲ್ಲಿ ಕರುಣ ಹೆಚ್ಚಾದಾಗ ವಿದೂಷಕನನ್ನು ನುಗ್ಗಿಸುತ್ತಿದ್ದರು. ಇಲ್ಲಿ ವಿದೂಷಕನ ಎದೆಗೇ ಕರುಣವನ್ನು ಇಳಿಸಿದ್ದಾರೆ. ಅದು ನಿಂತಿತು, ಏಕೆಂದರೆ ಪ್ರಹ್ಲಾದನ ನಗೆ ಮೊದಲಿನಿಂದಲೂ ಒಂಟಿತನದ ನಗೆಯಾಗಿತ್ತು.

ಮೂರನೆಯ ಭಾಗದಿಂದ ನಡಿಗೆ ತಪ್ಪುತ್ತದೆ. ಶಾಸಕನ ಹಗೆತನ, ಗುಂಪುಗಾರಿಕೆ, ಗುಂಡಿನ ಸದ್ದು. ಯಾವ ಕೋವಿಯ ಹಳ್ಳಿಯಿಂದ ತಪ್ಪಿಸಿಕೊಂಡು ಬಂದೆವೆಂದು ಸಂತೋಷಪಟ್ಟಿದ್ದೆವೋ ಅದರ ಅಂಚಿಗೇ ಕಥೆ ಹೋಗಿ ನಿಲ್ಲುತ್ತದೆ. ಆದರೂ ಸರ್ಕಾರಿ ಮನೆಗಾಗಿ ಮೊಮ್ಮಗನಿಂದ ಬೇರೆಯಾದಂತೆ ನಟಿಸುವ ಮುದುಕಿಯ ಪ್ರಸಂಗದಲ್ಲಿ ಹಳೆಯ ಚಂದನ್ ಕುಮಾರ್ ಮತ್ತೆ ಕಾಣುತ್ತಾರೆ. ನಾಲ್ಕನೆಯ ಭಾಗವೆಲ್ಲ ಚುನಾವಣೆ. ಮಂಜುದೇವಿಯ ಗುರುತು ಸೋರೆಕಾಯಿ, ಎದುರಾಳಿ ಕ್ರಾಂತಿದೇವಿಯ ಗುರುತು ಪ್ರೆಷರ್ ಕುಕ್ಕರ್. ಸೋರೆಕಾಯಿ ಕುಕ್ಕರಿನೊಳಗೆ ಬೇಯುವುದೋ ಇಲ್ಲವೋ ಎಂಬುದನ್ನು ಹೇಳಿ, ನೋಡದವರ ರಸಭಂಗ ಮಾಡಲಾರೆ. ಕ್ರಾಂತಿದೇವಿಯ ಪಾತ್ರದ ಸುನೀತಾ ರಾಜ್ವಾರ್, ಆಕೆಯ ಗಂಡನಾದ ಭೂಷಣನ ಪಾತ್ರದ ದುರ್ಗೇಶ್ ಕುಮಾರ್ ಇಬ್ಬರೂ ಈ ಭಾಗವನ್ನು ಬಹುಮಟ್ಟಿಗೆ ಹೊತ್ತಿದ್ದಾರೆ. ಕೇಡಿಗನೆಂದು ಬಂದ ಭೂಷಣನ ಮಾತಿನಲ್ಲಿ ಆಗಾಗ ನ್ಯಾಯವೂ ಇರುವುದು ಲೇಖಕರ ಜಾಣ್ಮೆ.

ತಮಿಳಿನವರು ೨೦೨೪ರಲ್ಲಿ 'ತಲೈವೆಟ್ಟಿಯಾನ್ ಪಾಳಯಂ' ಎಂದೂ, ತೆಲುಗಿನವರು ೨೦೨೫ರಲ್ಲಿ 'ಸಿವರಪಲ್ಲಿ' ಎಂದೂ ಇದನ್ನು ತಮ್ಮ ನೆಲಕ್ಕೆ ತಂದುಕೊಂಡರು. ಮೂಲವನ್ನು ನೋಡಲು ಹಿಂದಿ ಬಲ್ಲವರೇ ಆಗಬೇಕೆಂದಿಲ್ಲ. ಪರದೆಯ ಕೆಳಗೆ ಬರುವ ಅಕ್ಷರ ಓದಿಕೊಂಡರೆ ಮುಕ್ಕಾಲುಪಾಲು ರುಚಿ ಸಿಕ್ಕುತ್ತದೆ. ಎಲ್ಲವನ್ನೂ ನೋಡಲು ವ್ಯವಧಾನವಿಲ್ಲದವರು ಮೊದಲ ಎರಡು ಭಾಗಗಳನ್ನು ನೋಡಿ ನಿಲ್ಲಿಸಬಹುದು. ಆದರೆ ಧ್ವಜಾರೋಹಣದ ಕಂತನ್ನು ಹೊಗಳಿದ್ದಾರೆಂದು ನೇರವಾಗಿ ಅಲ್ಲಿಗೆ ಹೋಗಬಾರದು. ಬೀಗದ ಕೈ ಹುಡುಕುವುದರಿಂದಲೇ ಆರಂಭಿಸಬೇಕು.